ಕಣ್ಣೇ ಇಲ್ಲದ ಜೇಡ

ಪ್ರಶ್ನೆ: ಹವಾಯಿಯ ಒಂದು ದ್ವೀಪದಲ್ಲಿ ಕಣ್ಣೇ ಇಲ್ಲದ ಜೇಡ ಇದೆ ಅಂತ ಮಗಳು ಹೇಳಿದಳು. ನಿಜವೇ? ಕಣ್ಣಿಲ್ಲದೆ ಬೇಟೆ ಹೇಗೆ ಆಡುತ್ತದೆ? ಬೇರೆ ಕಡೆ ಯಾಕೆ ಸಿಗುವುದಿಲ್ಲ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜ. ಅದು ಕವಾಯಿ ದ್ವೀಪದ ಗುಹೆಯ ತೋಳಜೇಡ. ದ್ವೀಪದ ತುಂಬಾ ಇಲ್ಲ, ದಕ್ಷಿಣದ ಕೊಲೋವಾ ಊರಿನ ಆಸುಪಾಸಿನ ಕೆಲವೇ ಲಾವಾ ಗುಹೆಗಳಲ್ಲಿದೆ, ಅಷ್ಟೇ. 1973ರಲ್ಲಿ ಇದಕ್ಕೆ ಅಡೆಲೊಕೋಸಾ ಅನಾಪ್ಸ್ ಅಂತ ಹೆಸರಿಟ್ಟರು. ಅನಾಪ್ಸ್ ಅಂದರೆ ಕಣ್ಣಿಲ್ಲದ್ದು.

ತೋಳಜೇಡಗಳಿಗೆ ಕಣ್ಣೇ ಬಂಡವಾಳ. ರಾತ್ರಿ ಟಾರ್ಚನ್ನು ಹಣೆಯ ಹತ್ತಿರ ಹಿಡಿದು ತೋಟದ ಹುಲ್ಲಿನ ಮೇಲೆ ಬೆಳಕು ಬಿಡಿ, ಇಬ್ಬನಿಯ ಹಾಗೆ ಮಿನುಗುವ ಚುಕ್ಕೆಗಳು ಕಾಣುತ್ತವೆ, ಅದರಲ್ಲಿ ಎಷ್ಟೋ ನಮ್ಮೂರಿನ ತೋಳಜೇಡದ ಕಣ್ಣುಗಳೇ. ಎಂಟು ಕಣ್ಣಿನ ಆ ಮನೆತನದಲ್ಲಿ ಹುಟ್ಟಿದ ಇದಕ್ಕೆ ಒಂದೂ ಇಲ್ಲ! ಬಳಸದೆ ಸವೆದುಹೋಯಿತು ಅಂತ ಜನ ಹೇಳುತ್ತಾರೆ, ಅದು ಹಾಗಲ್ಲ. ಬೆಳಕೇ ಇಲ್ಲದ ಕಡೆ ಕಣ್ಣು ಸರಿಯಿಲ್ಲದೆ ಹುಟ್ಟಿದ ಮರಿಗೂ ಏನೂ ನಷ್ಟವಿಲ್ಲ. ಅದೂ ಬದುಕಿ ಮರಿ ಮಾಡುತ್ತದೆ. ಹೀಗೇ ಸಾವಿರಾರು ತಲೆಮಾರು ನಡೆದು ಕಣ್ಣು ಪೂರ್ತಿ ಹೋಯಿತು.

ಇದು ಬಲೆ ಕಟ್ಟಿ ಕಾಯುವುದಿಲ್ಲ. ಕತ್ತಲಲ್ಲೇ ನಡೆದಾಡಿ, ಕಾಲಿನ ಕೂದಲಲ್ಲಿ ನೆಲದ ಅದುರು, ವಾಸನೆ ಹಿಡಿದು ಬೇಟೆಯ ಮೇಲೆ ಬೀಳುತ್ತದೆ. ಮೈ ಸುಮಾರು 2 ಸೆಂಟಿಮೀಟರ್. ಮನುಷ್ಯರಿಗೆ ಇದರಿಂದ ತೊಂದರೆ ಇಲ್ಲ. ಬೇರೆ ತೋಳಜೇಡ ನೂರಕ್ಕೂ ಜಾಸ್ತಿ ಮೊಟ್ಟೆ ಇಡುವುದುಂಟು, ಇದು ಇಡುವುದು 15ರಿಂದ 30 ಅಷ್ಟೇ. ಮರಿ ಹೊರಬರುವ ತನಕ ಮೊಟ್ಟೆಯ ಚೀಲವನ್ನು ತಾಯಿ ಬಾಯಲ್ಲೇ ಕಚ್ಚಿಕೊಂಡು ಓಡಾಡುತ್ತಾಳೆ.

ಬೇರೆ ಕಡೆ ಯಾಕಿಲ್ಲ ಅಂದರೆ, ಗುಹೆಯ ಒದ್ದೆ ಗಾಳಿ ಬಿಟ್ಟು ಹೊರಗಿನ ಒಣ ಗಾಳಿಗೆ ಬಂದರೆ ಇದು ಬದುಕುವುದಿಲ್ಲ. ಊಟವೂ ಅಲ್ಲೇ ಇದೆ: ಸೀಗಡಿಯ ದೂರದ ನೆಂಟ ಅನ್ನಬಹುದಾದ, ಅದೂ ಕಣ್ಣಿಲ್ಲದ, ಬಿಳಿಚಿದ ಪುಟ್ಟ ಜೀವಿ. ಆ ಜೀವಿ ತಿನ್ನುವುದು ಕೊಳೆತ ಬೇರು. ಬೇರು ಬರುವುದು ಮೇಲಿನ ಮರಗಳಿಂದ, ಬಂಡೆಯ ಬಿರುಕಿನಲ್ಲಿ ಇಳಿದು. ಹಾಗಾಗಿ ಮೇಲೆ ಮರ ಕಡಿದು ಕಟ್ಟಡ ಎಬ್ಬಿಸಿದರೆ, ಕೀಟನಾಶಕ ಸುರಿದರೆ, ಕೆಳಗೆ ಕತ್ತಲಲ್ಲಿರುವ ಜೇಡಕ್ಕೆ ಹಸಿವು. ಆ ಭಾಗದಲ್ಲಿ ಹೋಟೆಲ್, ಗಾಲ್ಫ್ ಮೈದಾನ ಬೆಳೆದಿವೆ, ಅದೇ ದೊಡ್ಡ ಆತಂಕ.

2000ರಲ್ಲಿ ಅಮೆರಿಕ ಸರ್ಕಾರ ಜೇಡವನ್ನೂ ಅದರ ಊಟವಾದ ಜೀವಿಯನ್ನೂ ಒಟ್ಟಿಗೇ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನನ್ನ ಪ್ರಕಾರ ಅದು ಸರಿಯಾದ ಕೆಲಸ. ಜೇಡ ಒಂದನ್ನೇ ಕಾಪಾಡಿದರೆ ಅದು ಏನು ತಿನ್ನಬೇಕು, ಅಲ್ವಾ?