ರಂಗೋಲಿ ಹಾಕೋಕೆ ಜಾಗ ಇದೆಯಾ, ನೋಡಿ

ಪ್ರಶ್ನೆ: ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಜಯನಗರದಲ್ಲಿ, ಆರ್.ವಿ. ರಸ್ತೆ ಮೆಟ್ರೊ ಹತ್ತಿರ ಬಾಡಿಗೆ ಮನೆ ನೋಡಿದ್ದಾನೆ. ಮೂರನೇ ಮಹಡಿ, ಲಿಫ್ಟ್ ಇದೆ. ಹಾಸನದ ಮನೆ ಮಾರಿ ಬಂದುಬಿಡಿ ಅನ್ನುತ್ತಾನೆ. ನನಗೆ 63, ಯಜಮಾನರಿಗೆ 70, ಅವರಿಗೆ ಮಂಡಿ ನೋವು. ಅಲ್ಲಿ ನಮಗೆ ಹೊಂದುತ್ತದಾ?
– ಓದುಗರೊಬ್ಬರು, ಹಾಸನ

ಉತ್ತರ: ನಾನು 1986ರಿಂದ ಜಯನಗರದಲ್ಲೇ ಇದ್ದೇನೆ. ಓಡಾಟದ ವಿಷಯದಲ್ಲಿ ನಿಮ್ಮ ಮಗ ಹೇಳುವುದು ನಿಜ. 2017ರಲ್ಲಿ ಹಸಿರು ಮಾರ್ಗ ಬಂತು, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ. ಎರಡೂ ಸೇರುವುದು ಆರ್.ವಿ. ರಸ್ತೆಯಲ್ಲೇ. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸೊಳಗೆ ಸಿಕ್ಕಿಹಾಕಿಕೊಂಡು ಸುಸ್ತಾಗಿ ಬರುತ್ತಿದ್ದ ನನ್ನ ಸೊಸೆ ಈಗ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ನೀವೂ ಅಷ್ಟೇ, ಹಾಸನದ ಬಸ್ಸಿಂದ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ಹತ್ತಿದರೆ ನೇರ ಬರಬಹುದು.

ಆದರೆ ಮಗ ಬೆಳಿಗ್ಗೆ ಹೊರಟುಹೋಗುತ್ತಾನೆ. ಇಡೀ ದಿನ ಅಲ್ಲಿರುವವರು ನೀವಿಬ್ಬರು, ಅಲ್ವಾ? ಅದಕ್ಕೆ ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆ ರಸ್ತೆಯಲ್ಲಿ ನಿಂತು ನೋಡಿ.

ನಮ್ಮ ಬೀದಿ ಹೇಳುತ್ತೇನೆ. ಆರು ಗಂಟೆಗೆ ನೀರು ಹಾಕಿ ರಂಗೋಲಿ ಬಿಡುತ್ತೇನೆ. ಎಂಟರೊಳಗೆ ಅದರ ಮೇಲೆ ಸ್ಕೂಟರ್ ನಿಂತಿರುತ್ತದೆ. ಮೆಟ್ರೊ ಹತ್ತುವವರು ನಿಲ್ಲಿಸಿ ಹೋಗುತ್ತಾರೆ, ಸಂಜೆಯೇ ವಾಪಸ್ಸು. ಒಂದು ದಿನ ಆಟೊ ಗೇಟಿನ ಹತ್ತಿರ ಬರಲಾಗದೆ, ಜ್ವರ ಬಂದಿದ್ದ ನಮ್ಮ ಅತ್ತೆಯನ್ನು ರಸ್ತೆ ತುದಿವರೆಗೂ ನಡೆಸಿಕೊಂಡು ಹೋದೆವು. ಆವತ್ತು ನನಗೆ ಅಳುವೇ ಬಂತು. ಎದುರುಗಡೆ ಹೆಂಚಿನ ಮನೆ ಇದ್ದ ಸೈಟಿನಲ್ಲಿ ಈಗ ನಾಲ್ಕು ಮಹಡಿ. ಅಲ್ಲಿದ್ದ ಸಂಪಿಗೆ ಮರವೂ ಹೋಯಿತು. ಹೊಸಬರು ಒಳ್ಳೆಯವರೇ, ಮಾತಾಡಲು ಪುರುಸೊತ್ತಿಲ್ಲ ಅಷ್ಟೇ.

ಲಿಫ್ಟ್ ಇದೆ ಅಂದಿರಿ. ಕರೆಂಟ್ ಹೋದಾಗ ಅದು ಜನರೇಟರ್‌ನಲ್ಲಿ ಓಡುತ್ತದಾ ಅಂತ ಕೇಳಿ. ಮಂಡಿ ನೋವಿನವರಿಗೆ ಇದು ಸಣ್ಣ ಮಾತಲ್ಲ. ಕಾವೇರಿ ನೀರು ಯಾವ ಯಾವ ದಿನ ಬರುತ್ತದೆ, ಸಂಪ್ ಎಷ್ಟು ದೊಡ್ಡದು, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರದು, ಇದನ್ನೂ ಮೊದಲೇ ಕೇಳಿ. ಆಮೇಲೆ ಯಜಮಾನರನ್ನು ಕರೆದುಕೊಂಡು ಮನೆಯಿಂದ ಹತ್ತಿರದ ಪಾರ್ಕಿಗೆ ನಡೆದು ನೋಡಿ. ಫುಟ್‌ಪಾತಿನ ಕಲ್ಲು ಎದ್ದಿದ್ದರೆ, ಪ್ರತಿ ಗೇಟಿಗೂ ಹತ್ತಿ ಇಳಿಯಬೇಕಿದ್ದರೆ, ಅವರು ನಾಲ್ಕೇ ದಿನಕ್ಕೆ ಹೊರಗೆ ಹೋಗುವುದು ಬಿಡುತ್ತಾರೆ. ಅಂಥ ಮನೆ ಬೇಡ. ನಿಲ್ದಾಣಕ್ಕೆ ಇನ್ನೂ ಹತ್ತು ನಿಮಿಷ ದೂರವಾದರೂ ಪರವಾಗಿಲ್ಲ, ಒಳಗಿನ ಅಡ್ಡರಸ್ತೆಯಲ್ಲಿ ನೋಡಲು ಮಗನಿಗೆ ಹೇಳಿ. ಅವನ ಕಾಲು ಗಟ್ಟಿ ಇದೆ.

ನಿಮಗೆ ಬೇಜಾರಾಗುತ್ತೆ ಅನ್ನುವ ಭಯ ನನಗಿಲ್ಲ. ನಾಲ್ಕನೇ ಬ್ಲಾಕಿನಲ್ಲಿ ತರಕಾರಿ, ಹೂವು ಸಿಗುತ್ತದೆ. ಐದನೇ ಬ್ಲಾಕಿನಲ್ಲಿ ರಾಯರ ಮಠ ಇದೆ. ಬನಶಂಕರಿ ಅಮ್ಮನ ಗುಡಿ ಮೆಟ್ರೊದಲ್ಲಿ ಒಂದೇ ಸ್ಟಾಪು. ಆಧಾರ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ನಿಮಗೆ ಉಚಿತ.

ಮನೆ ಮಾರುವ ಮಾತು ಮಾತ್ರ ಈಗ ಬೇಡ. ಇಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಅಷ್ಟು ದಿನ ಹಾಸನದ ಮನೆಗೆ ಬೀಗ ಹಾಕಿ, ಪಕ್ಕದವರಿಗೆ ಒಂದು ಕೀ ಕೊಟ್ಟು ಬನ್ನಿ.