ಎರಡು ಬಗೆಯ ಮಾತ್ರೆ ತಿಂದರೂ ಖಿನ್ನತೆ ಬಿಡುತ್ತಿಲ್ಲ, ಮುಂದೇನು?

ಮನೆ ಉಪ್ಪಳದ ಹತ್ತಿರ, ಖಿನ್ನತೆಗೆ ಒಂದು ಮಾತ್ರೆ ಆಯಿತು, ಬದಲಿಸಿ ಇನ್ನೊಂದೂ ಆಯಿತು, ಎರಡೂ ನಾಟಲಿಲ್ಲ, ಇದು ಇನ್ನು ಗುಣವಾಗುವುದೇ ಇಲ್ವಾ ಅಂತ ಕೇಳಿದ್ದೀರಿ.

ಗುಣವಾಗುವ ದಾರಿ ಇನ್ನೂ ತುಂಬಾ ಇದೆ. ನಾನು ಡಾಕ್ಟರಲ್ಲ. ಬದಿಯಡ್ಕ ಕಡೆಯವನು, ಇದೇ ಕಾಯಿಲೆಯಲ್ಲಿ ವರ್ಷಗಟ್ಟಲೆ ನರಳಿದವನು. ಅಮೆರಿಕದಲ್ಲಿ ನಡೆದ, 2006ರಲ್ಲಿ ಫಲಿತಾಂಶ ಬಂದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದಲ್ಲೂ ಮೊದಲ ಮಾತ್ರೆಗೇ ಪೂರ್ತಿ ಚೇತರಿಸಿಕೊಂಡವರು ಮೂರರಲ್ಲಿ ಒಬ್ಬರಷ್ಟೇ. ನಿಮ್ಮ ಹಾಗೆ ಇರುವವರು ಬಹಳ ಜನ.

ಎರಡು ಬೇರೆ ಬೇರೆ ಮದ್ದು ತಕ್ಕ ಡೋಸಿನಲ್ಲಿ, ಸಾಕಷ್ಟು ವಾರ ತಿಂದ ಮೇಲೂ ಗುಣ ಕಾಣದಿದ್ದರೆ ಮಾತ್ರ ಡಾಕ್ಟರುಗಳು ಇದನ್ನು ಚಿಕಿತ್ಸೆಗೆ ಜಗ್ಗದ ಖಿನ್ನತೆ ಅನ್ನುತ್ತಾರೆ. ಕೇರಳ-ಕರ್ನಾಟಕದ ನಮ್ಮ ಗಡಿನಾಡಿನಲ್ಲಿ ಅಷ್ಟು ವಾರ ಒಂದೇ ಕಡೆ ನಿಲ್ಲುವುದೇ ಕಷ್ಟ. ಮೊದಲು ಕಾಸರಗೋಡಿನಲ್ಲಿ ತೋರಿಸುತ್ತೇವೆ. ತಿಂಗಳಲ್ಲಿ ಗುಣ ಕಾಣದಿದ್ದರೆ ಯಾರೋ ಮಂಗಳೂರಿನ ಡಾಕ್ಟರ ಹೆಸರು ಹೇಳುತ್ತಾರೆ, ತಲಪಾಡಿಯ ಗಡಿ ದಾಟುತ್ತೇವೆ. ಅಲ್ಲಿ ಹೊಸ ಫೈಲು. ಹಳೇ ಚೀಟಿ ಮನೆಯ ಕಪಾಟಿನಲ್ಲಿ. ಹೊಸ ಡಾಕ್ಟರು ಪಾಪ, ಮತ್ತೆ ಸಣ್ಣ ಡೋಸಿನಿಂದ ಶುರು ಮಾಡುತ್ತಾರೆ. 2020ರಲ್ಲಿ ಕೊರೊನಾ ಅಂತ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನಿಮಗೂ ನೆನಪಿರಬೇಕು. ಹೀಗೆ ತುಂಡು ತುಂಡಾದ ಚಿಕಿತ್ಸೆಯನ್ನು ಪೂರ್ತಿಯಾಗಿ ನೋಡಿದ ಡಾಕ್ಟರೇ ಇರುವುದಿಲ್ಲ.

ಅದಕ್ಕೇ ಮೊದಲ ಕೆಲಸ, ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ. ಯಾವ ಮದ್ದು, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ನಡುವೆ ಎಲ್ಲಿ ಬಿಟ್ಟಿರಿ, ಏನು ತೊಂದರೆ ಆಯಿತು. ತಾರೀಕು ಮರೆತಿದ್ದರೆ ಮೆಡಿಕಲ್ ಶಾಪಿನ ಬಿಲ್ಲು ಹುಡುಕಿ. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆ ಸಣ್ಣ ಅಕ್ಷರದಲ್ಲಿ ಮದ್ದಿನ ಹೆಸರೂ ಇರುತ್ತದೆ, ಅದನ್ನೇ ಬರೆಯಿರಿ. ಕಂಪನಿ ಹೆಸರು ಎರಡಾದರೂ ಒಳಗಿರುವುದು ಒಂದೇ ಎಸ್ಸಿಟಲೋಪ್ರಾಮ್ ಆಗಿರಬಹುದು. ಹಾಗಿದ್ದರೆ ನೀವು ತಿಂದದ್ದು ಒಂದೇ ಮದ್ದು.

ಆಮೇಲೆ ಒಬ್ಬರೇ ಮನೋವೈದ್ಯರನ್ನು ಹಿಡಿದುಕೊಳ್ಳಿ. ಗಡಿಯ ಯಾವ ಬದಿಯವರಾದರೂ ಸರಿ. ಥೈರಾಯ್ಡ್, ಬಿ12 ನೋಡಿದ್ದಾರಾ ಕೇಳಿ. ಕುಡಿತ, ಬೇರೆ ಕಾಯಿಲೆಗೆ ತಿನ್ನುವ ಮಾತ್ರೆ, ಎಲ್ಲ ಬಿಚ್ಚಿ ಹೇಳಿ. ನಿದ್ದೆಯೇ ಬೇಡ ಅನಿಸಿ, ವಿಪರೀತ ಹುರುಪಿನಲ್ಲಿ ಓಡಾಡಿದ ದಿನಗಳು ಹಿಂದೆ ಯಾವಾಗಲಾದರೂ ಇದ್ದವಾ? ಇದನ್ನು ತಪ್ಪದೆ ಹೇಳಿ. ಅದು ಬೈಪೋಲಾರ್, ಅಂದರೆ ಒಮ್ಮೆ ಖಿನ್ನತೆ ಒಮ್ಮೆ ವಿಪರೀತ ಹುರುಪು ಬರುವ ಕಾಯಿಲೆ ಆಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ನನಗೆ ತಿರುವು ಸಿಕ್ಕಿದ್ದು ಹಳೇ ಮಾತ್ರೆಯ ಜೊತೆ ಲಿಥಿಯಂ ಸೇರಿಸಿದಾಗ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡಲು ಇದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು. ಕೊನೆಯ ಮಾತ್ರೆ ತಿಂದು ಸುಮಾರು 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ರಾತ್ರಿ ಮಾತ್ರೆ ತಿಂದು, ಬೆಳಿಗ್ಗೆಯದನ್ನು ಕಿಸೆಯಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತೇನೆ. ರಕ್ತ ಕೊಟ್ಟು, ಎದುರಿನ ಹೋಟೆಲಿನಲ್ಲಿ ತಿಂಡಿ ತಿಂದು, ಆಮೇಲೆ ಮಾತ್ರೆ. ಕಿಡ್ನಿ, ಥೈರಾಯ್ಡ್ ಕೂಡ ನೋಡುತ್ತಾರೆ. ತೋಟದ ಕೆಲಸದವರು ಇನ್ನೊಂದು ಮಾತು ಗಮನಿಸಬೇಕು. ಬೇಸಿಗೆಯಲ್ಲಿ ಬೆವರಿ ಮೈಯ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಸೊಂಟ ನೋವು ಅಂತ ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸಬಹುದು. ಡಾಕ್ಟರನ್ನು ಕೇಳದೆ ತಿನ್ನಬೇಡಿ.

ಲಿಥಿಯಂ ಒಂದೇ ದಾರಿ ಅಂತಲ್ಲ. ಬೇರೆ ವರ್ಗದ ಮಾತ್ರೆಗೆ ಬದಲಿಸಬಹುದು, ಬೇರೆ ಮದ್ದು ಸೇರಿಸಬಹುದು, ತಲೆಯ ಹೊರಗಿನಿಂದ ಅಯಸ್ಕಾಂತದ ಶಕ್ತಿಯಲ್ಲಿ ಮೆದುಳನ್ನು ಚುರುಕುಗೊಳಿಸುವ ಟಿಎಂಎಸ್ ಇದೆ. ಇಸಿಟಿ, ಅಂದರೆ ಮೆದುಳಿಗೆ ಕರೆಂಟು ಕೊಡುವ ಚಿಕಿತ್ಸೆ, ಅಂದರೆ ಸಾಕು ನಮ್ಮಲ್ಲಿ ಜನ ಬೆಚ್ಚಿ ಬೀಳುತ್ತಾರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಕೊಡದೆ ಅದನ್ನು ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸ್ವಲ್ಪ ಕಾಲ ಮರೆವು ಬರಬಹುದು ನಿಜ, ಆದರೆ ಊಟ ತಿಂಡಿ ಬಿಟ್ಟು ಮಲಗಿದವರನ್ನು ಎಬ್ಬಿಸುವ ಶಕ್ತಿ ಅದಕ್ಕಿದೆ. ಡಾಕ್ಟರು ಅದರ ಮಾತೆತ್ತಿದರೆ ಎದ್ದು ಬರಬೇಡಿ, ಪೂರ್ತಿ ಕೇಳಿ.

ಕೌನ್ಸೆಲಿಂಗ್ ಕನ್ನಡದಲ್ಲೋ ತುಳುವಿನಲ್ಲೋ ಸಿಗುತ್ತದಾ ವಿಚಾರಿಸಿ. ವ್ಯವಹಾರಕ್ಕೆ ನಮ್ಮ ಮಲಯಾಳ ಧಾರಾಳ ಸಾಕು, ಆದರೆ ಎದೆಯೊಳಗಿನದ್ದನ್ನು ಹೇಳುವಾಗ ಮನೆಮಾತೇ ಬೇಕು. ದಿನದ ಸಣ್ಣ ಕೆಲಸಗಳನ್ನು ಗಂಟೆ ನೋಡಿ ಮಾಡಿ, ಮನಸ್ಸು ಬರಲಿ ಅಂತ ಕಾಯಬೇಡಿ. ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಸೊಸೈಟಿಗೆ ಹಾಲು ಕೊಡುವ ಹೊತ್ತು.

ಸಾಯುವ ಯೋಚನೆ ಬರುತ್ತಿದ್ದರೆ ಈ ಕ್ಷಣವೇ ಮನೆಯಲ್ಲಿ ಒಬ್ಬರಿಗೆ ಹೇಳಿ. ಮಾತ್ರೆಗಳನ್ನೂ ತೋಟಕ್ಕೆ ಹೊಡೆಯುವ ವಿಷವನ್ನೂ ಬೀಗ ಹಾಕಿಸಿ, ಕೀಲಿಕೈ ಅವರ ಹತ್ತಿರವೇ ಇರಲಿ. 14416 ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸೋಣ ಅಂದರೆ ಜಗಳ ಮಾಡಬೇಡಿ. ದೈವಕ್ಕೆ ಹರಕೆಯೂ ಹೇಳಿಕೊಳ್ಳಲಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆ, ಊಟ, ಸಿಟ್ಟು ಹೇಗಿದೆ ಅಂತ ನಿಮಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.