ಸೂಪರ್‌ಹೀರೊ ಕಾಮಿಕ್ಸ್ ಬಿಡಿಸಿ ಬದುಕಬಹುದೇ? ಜಾಕ್ ಕರ್ಬಿಯ ವೃತ್ತಿಜೀವನ ನೋಡಿ

ಮೇಡಂ, ನಿಮ್ಮ ಮಗ ಪಿಯುಸಿ ಮುಗಿಸಿ ಸೂಪರ್‌ಹೀರೊ ಕಾಮಿಕ್ಸ್ ಚಿತ್ರಕಾರನಾಗುತ್ತೇನೆಂದು ಹಟ ಹಿಡಿದಿದ್ದಾನೆ, ದಿನವಿಡೀ ಮಾಂಸಖಂಡಗಳನ್ನೇ ಬಿಡಿಸುತ್ತಾನೆ, ಇದರಲ್ಲಿ ಹೊಟ್ಟೆಪಾಡು ಉಂಟೇ ಎಂದು ಕೇಳಿದ್ದೀರಿ. ಉಂಟು. ಆದರೆ ಅವನು ಅಮೆರಿಕದ ಹೆಸರಾಂತ ಸೂಪರ್‌ಹೀರೊ ಕಾಮಿಕ್ಸ್ ಚಿತ್ರಕಾರ ಜಾಕ್ ಕರ್ಬಿಯವರ ಚಿತ್ರಗಳನ್ನು ನಕಲು ಮಾಡುವುದರ ಜೊತೆಗೆ ಅವರು ದುಡಿದ ಬಗೆಯನ್ನೂ ತಿಳಿದುಕೊಳ್ಳಲಿ. ಏನನ್ನು ಕಲಿಯಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂಬ ಎರಡೂ ಅಲ್ಲಿವೆ.

ಕರ್ಬಿ 1917ರಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಯ ಕಾರ್ಮಿಕನ ಮಗನಾಗಿ ಹುಟ್ಟಿದರು. ಕಲಾಶಾಲೆಯ ವಿದ್ಯೆ ಇಲ್ಲವೆನ್ನುವಷ್ಟು ಕಡಿಮೆ. ಪತ್ರಿಕೆಗಳ ಚಿತ್ರಪಟ್ಟಿಗಳನ್ನು ನೋಡಿ ಬಿಡಿಸುತ್ತಲೇ ಕೈ ಪಳಗಿಸಿಕೊಂಡರು. ಜೊತೆಗಾರ ಕಾಮಿಕ್ಸ್ ಕಲಾವಿದ ಜೋ ಸೈಮನ್ ಜೊತೆ ಸೇರಿ ರೂಪಿಸಿದ ಕ್ಯಾಪ್ಟನ್ ಅಮೆರಿಕದ ಮೊದಲ ಸಂಚಿಕೆ 1940ರ ಕೊನೆಗೆ ಅಂಗಡಿಗೆ ಬಂತು. ಅದರ ಮುಖಪುಟವನ್ನು ಮಗನಿಗೆ ತೋರಿಸಿ. ಹಿಟ್ಲರನ ದವಡೆಗೆ ಬೀಳುತ್ತಿರುವ ಗುದ್ದಿನಲ್ಲಿ ತೋಳಿನ ಸ್ನಾಯುಗಳಿಗಿಂತ ಮುಖ್ಯವಾದದ್ದು, ಹಿಂದಿನ ಕಾಲಿನಿಂದ ಸೊಂಟ, ಭುಜಗಳನ್ನು ಹಾದು ಮುಷ್ಟಿಯವರೆಗೆ ಹರಿಯುವ ಒಂದೇ ಓಟ. ಮಗನ ಚಿತ್ರಗಳಲ್ಲಿ ಸ್ನಾಯುಗಳೆಲ್ಲ ಇವೆ, ಆ ಓಟ ಇಲ್ಲ.

ಯುದ್ಧ ಮುಗಿದ ಮೇಲೆ ಸೂಪರ್‌ಹೀರೊಗಳನ್ನು ಕೇಳುವವರೇ ಕಡಿಮೆಯಾದರು. ಸೈನ್ಯದಿಂದ ಮರಳಿದ್ದ ಕರ್ಬಿ ಆಗ ಕೈಕಟ್ಟಿ ಕೂರಲಿಲ್ಲ. 1947ರಲ್ಲಿ ಸೈಮನ್ ಜೊತೆ ಪ್ರೇಮಕಥೆಗಳ ಕಾಮಿಕ್ಸ್ ಆರಂಭಿಸಿದರು, ಆಮೇಲೆ ಕೌಬಾಯ್ ಕಥೆ, ರಾಕ್ಷಸರ ಕಥೆ ಎಲ್ಲವನ್ನೂ ಬಿಡಿಸಿದರು. ಆದ್ದರಿಂದ ಮಗ ಅಡುಗೆಮನೆ, ಬಸ್ ನಿಲ್ದಾಣ, ಸೀರೆಯ ನೆರಿಗೆ, ಮುದುಕರ ಕೈ ಇವನ್ನೂ ಬಿಡಿಸಿ ಅಭ್ಯಾಸ ಮಾಡಲಿ. ಫ್ಯಾಷನ್ ಬದಲಾದಾಗ ಅನ್ನ ಹಾಕುವುದು ಇದೇ.

1961ರಿಂದ 1970ರವರೆಗೆ ಫೆಂಟಾಸ್ಟಿಕ್ ಫೋರ್ ಮಾಲಿಕೆಯ 102 ಸಂಚಿಕೆಗಳನ್ನು ಅವರು ಬಿಡದೆ ಬಿಡಿಸಿದರು, ಅದೂ ಬೇರೆ ಮಾಲಿಕೆಗಳ ಕೆಲಸದ ನಡುವೆ. ಇದು ಸಾಧ್ಯವಾದದ್ದು ಕೆಲಸ ಹಂಚಿಹೋಗಿದ್ದರಿಂದ: ಇವರದು ಪೆನ್ಸಿಲ್, ಇಂಕಿಂಗ್ (ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ಎಳೆಯುವುದು) ಬಹುಕಾಲ ಜೋ ಸಿನಾಟ್ ಅವರದು, ಅಕ್ಷರ ಮತ್ತು ಬಣ್ಣ ಬೇರೆಯವರದು. ಸಂಪಾದಕ ಸ್ಟ್ಯಾನ್ ಲೀ ಜೊತೆ ಕಥೆಯ ಎಳೆಯನ್ನಷ್ಟೇ ಮಾತಾಡಿಕೊಂಡು ಕರ್ಬಿ ಪುಟಗಳನ್ನು ಬಿಡಿಸಿ ಕಳಿಸುತ್ತಿದ್ದರು. ಸಂಭಾಷಣೆ ಆಮೇಲೆ ಸೇರುತ್ತಿತ್ತು. 1966ರ 48ನೇ ಸಂಚಿಕೆಯ ಪುಟಗಳಲ್ಲಿ, ಮಾತುಕತೆಯಲ್ಲಿ ಸುಳಿವೇ ಇಲ್ಲದಿದ್ದ ಒಬ್ಬ ಬೆಳ್ಳಿಮೈಯವನು ಅಲೆಹಲಗೆಯ (ಸರ್ಫ್‌ಬೋರ್ಡ್) ಮೇಲೆ ಆಕಾಶದಲ್ಲಿ ಬಂದದ್ದನ್ನು ಕಂಡು ಲೀ ಅವರೇ ಬೆರಗಾದರು. ಸಿಲ್ವರ್ ಸರ್ಫರ್ ಹುಟ್ಟಿದ್ದು ಹೀಗೆ. ಪೆನ್ಸಿಲ್ ಹಿಡಿದವನು ಕಥೆಯನ್ನೂ ಹೇಳುತ್ತಿರುತ್ತಾನೆ ಎಂಬುದು ಮಗನಿಗೆ ಮನದಟ್ಟಾಗಬೇಕು.

ಇನ್ನು ದುಡ್ಡಿನ ವಿಚಾರ, ನೀವು ತಾಯಿಯಾಗಿ ಗಮನಿಸಬೇಕಾದದ್ದು. ಕರ್ಬಿಗೆ ಸಿಗುತ್ತಿದ್ದುದು ಪುಟಕ್ಕಿಷ್ಟು ಎಂಬ ಕೂಲಿ; ಪಾತ್ರಗಳ ಒಡೆತನ ಪ್ರಕಾಶಕರಾದ ಮಾರ್ವೆಲ್ ಕಂಪನಿಯದು. ಅವರು ಮಾರ್ವೆಲ್‌ಗೆ ಬಿಡಿಸಿದ ಪುಟಗಳು ಕನಿಷ್ಠ 10,000 ಎಂಬ ಅಂದಾಜಿದೆ. ಬಹುಕಾಲದ ಜಗಳದ ನಂತರ 1987ರಲ್ಲಿ ಮರಳಿ ಕೈಸೇರಿದ ಮೂಲಚಿತ್ರಗಳು ಸುಮಾರು 2,000. ಅವರು 1994ರಲ್ಲಿ ತೀರಿಕೊಂಡರು. ಹಕ್ಕುಗಳಿಗಾಗಿ ಮಕ್ಕಳು ಹೂಡಿದ ಹೋರಾಟ ಕೆಳಗಿನ ನ್ಯಾಯಾಲಯಗಳಲ್ಲಿ ಸೋತು, ಸುಪ್ರೀಂ ಕೋರ್ಟಿನ ಬಾಗಿಲಲ್ಲಿರುವಾಗ 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಕರ್ಬಿಗೆ ಒಳ್ಳೆಯ ಸಂಪಾದನೆಯೂ ಆರೋಗ್ಯ ವಿಮೆಯೂ ಸಿಕ್ಕಿದ್ದು ಕೊನೆಯ ವರ್ಷಗಳ ಆನಿಮೇಷನ್ ಕೆಲಸದಲ್ಲಿ. ವಿಚಿತ್ರವೆಂದರೆ, ಯೌವನದಲ್ಲಿ ಪಾಪ್‌ಐ ಕಾರ್ಟೂನ್ ಚಿತ್ರಗಳನ್ನು ಮಾಡುತ್ತಿದ್ದ ಸ್ಟುಡಿಯೋವನ್ನು ಅಪ್ಪನ ಕಾರ್ಖಾನೆಯಂತಿದೆ ಎಂದು ಬಿಟ್ಟುಬಂದವರು ಅವರೇ.

ಹಾಗಾಗಿ ಯಾರಾದರೂ ಕೆಲಸ ಕೊಟ್ಟರೆ ಮೂಲಚಿತ್ರ ಯಾರ ಬಳಿ ಉಳಿಯುತ್ತದೆ, ಮರುಮುದ್ರಣಕ್ಕೆ ಹಣ ಬರುತ್ತದೆಯೇ, ಪಾತ್ರ ಯಾರದು, ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯದೆ ಸಹಿ ಹಾಕಿಸಬೇಡಿ. ಪ್ರತಿ ಪುಟವನ್ನು ಕಳಿಸುವ ಮುನ್ನ ಸ್ಕ್ಯಾನ್ ಮಾಡಿ, ದಿನಾಂಕದೊಂದಿಗೆ ಇಟ್ಟುಕೊಳ್ಳಲಿ.

ಸದ್ಯಕ್ಕೆ 11×17 ಇಂಚಿನ ದಪ್ಪ ಹಾಳೆಯಲ್ಲಿ 10×15 ಇಂಚಿನ ಚೌಕಟ್ಟು ಹಾಕಿಕೊಂಡು, ಮಾತೇ ಇಲ್ಲದ ಮೂರು ಪುಟಗಳ ಒಂದು ಘಟನೆಯನ್ನು ಅವನು ಪೆನ್ಸಿಲ್‌ನಲ್ಲೇ ಬಿಡಿಸಲಿ. ಕಥೆ ಏನೆಂದು ನೀವು ಇಲ್ಲಿ ಬರೆಯಬೇಡಿ. ಪುಟಗಳ ಫೋಟೊ ಮಾತ್ರ ಹಾಕಿ, ನಮಗೆ ಏನು ಅರ್ಥವಾಯಿತೆಂದು ನಾವೇ ಹೇಳುತ್ತೇವೆ.